ನೆರಳಿನೊಳಗಿನ ತೆಂಗಿನ ತೋಟ

ನನ್ನ ತಲೆಯೊಳಗೆ ಎಮ್ಮೆ ಇದೆ ಎಂಬ ಅನುಮಾನ ಚನ್ನರಾಯಪಟ್ಟಣದ ಮಿಡಲ್ ಸ್ಕೂಲಿನ ಮಕ್ಕಳಿಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಸಾಕ್ಷಿ ದೊರೆತದ್ದು ಮಾತ್ರ ಐವತ್ತೊಂಬತ್ತನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ. ಒದಗಿಸಿಕೊಟ್ಟವನು ಬೇರೆ ಯಾರೂ ಅಲ್ಲ, ನನ್ನ ಪಕ್ಕದ ಮನೆಯ ರುದ್ರಯ್ಯ.

ರುದ್ರಯ್ಯನದು ಪೇಟೆ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರಾಗಲಿ, ಮಠದ ಸ್ವಾಮಿಗಳಾಗಲಿ, ತೀರಿಕೊಂಡ ಹಿರಿಯರಾಗಲಿ, ನಮ್ಮ ಊರಿನಲ್ಲಿ ಗೋಡೆ ಏರಬೇಕಾದರೆ ಅವನ ಕೈ ದಾಟಿಯೇ ಏರಬೇಕು. ಇಪ್ಪತ್ತು ವರ್ಷ ಅವನು ಹೀಗೆ ಗಾಜು ಕುಯ್ದು, ಮೊಳೆ ಹೊಡೆದು, ಮರ್ಯಾದೆಯಾಗಿ ಬದುಕಿದ್ದ. ಬದುಕು ಕೆಟ್ಟದ್ದು ನಮ್ಮ ಊರಿನ ಡಾಕ್ಟರು ಹಾಸನದ ವಸ್ತುಪ್ರದರ್ಶನದಲ್ಲಿ ಒಂದು ಫೋಟೋ ಕೊಂಡು ತಂದು ಇವನ ಕೈಗೆ ಕೊಟ್ಟ ದಿನ.

ಆ ಫೋಟೋ ತೆಗೆದವನು ಮೈಸೂರಿನ ಯಾರೋ ಕಲಾವಿದನಂತೆ. ಪಕ್ಕಕ್ಕೆ ತಿರುಗಿ ಕೂತ ಒಬ್ಬ ಹೆಂಗಸಿನ ನೆರಳು. ಹಣೆ, ಮೂಗು, ಗಲ್ಲ, ತುರುಬು, ಎಲ್ಲ ಗೆರೆ ಕೊರೆದ ಹಾಗೆ ಸ್ಪಷ್ಟ; ಮುಖ ಮಾತ್ರ ಇಲ್ಲ. ಮುಖ ಇರಬೇಕಾದ ಜಾಗದಲ್ಲಿ ಒಂದು ಹೊಳೆ, ಹೊಳೆಯ ದಡದಲ್ಲಿ ಒಂದು ಮರ. ರುದ್ರಯ್ಯ ಅದನ್ನು ಮೂರು ವಾರ ಇಟ್ಟುಕೊಂಡ. ಡಾಕ್ಟರ ಕಡೆಯವರು ಕೇಳಲು ಬಂದಾಗಲೆಲ್ಲ, ಸುತ್ತಲೂ ಗಾಜು ಪೇರಿಸಿದ್ದ ಅಂಗಡಿಯ ನಡುವೆ ಕೂತು, “ಗಾಜೇ ಬಂದಿಲ್ಲ ಸಾ” ಎಂದ.

ನಾಲ್ಕನೆಯ ವಾರ ಹಾಸನಕ್ಕೆ ಹೋದವನು, ಮುಚ್ಚುತ್ತಿದ್ದ ಯಾವುದೋ ಸ್ಟುಡಿಯೋದಿಂದ ಮೂರು ಕಾಲಿನ ಮರದ ಕ್ಯಾಮೆರಾ ಒಂದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದ. ಹೆಂಡತಿ ಗಂಗಾಂಬಿಕೆ ಬಾಗಿಲಲ್ಲೇ ತಡೆದರು.

“ಏನ್ರೀ ಇದು? ಯಾರ ಮನೆ ತೊಟ್ಲು ಕಿತ್ಕೊಂಡು ಬಂದ್ರಿ?”

“ತೊಟ್ಲಲ್ಲ ಕಣೇ, ಕಲೆ,” ಎಂದ ರುದ್ರಯ್ಯ. ಆ ದಿನದಿಂದ ಸೌದೆ ಕೋಣೆ ಖಾಲಿಯಾಗಿ ಕತ್ತಲ ಕೋಣೆಯಾಯಿತು. ಸೌದೆ ನಡುಮನೆಗೆ ಬಂತು. ಗಂಗಾಂಬಿಕೆಯವರು ಸೌದೆಯ ಮೇಲೆ ಕೂತು ಅಕ್ಕಿ ಆರಿಸತೊಡಗಿದರು.

ಕಲಿಸುವ ಗುರುವಿಲ್ಲ, ಓದಿ ತಿಳಿಯಲು ಪುಸ್ತಕವಿಲ್ಲ. ಮೈಸೂರಿನವನು ಮಾಡಿದ್ದನ್ನು ನೋಡಿ ನೋಡಿಯೇ ಅವನು ಗುಟ್ಟು ಬಿಡಿಸಿದ. ಅದನ್ನು ನನಗೆ ಹೇಳಿದಾಗ ಅವನ ಮುಖದಲ್ಲಿ ಮಂತ್ರೋಪದೇಶದ ಗಾಂಭೀರ್ಯವಿತ್ತು. ಹಿತ್ತಿಲ ಬಾಗಿಲಿಗೆ ಬಿಳಿ ಪಂಚೆ ಕಟ್ಟಬೇಕು. ಅದರ ಹಿಂದೆ ಬಿಸಿಲಿರಬೇಕು. ಮುಂದೆ ಮನುಷ್ಯನನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಒಂದು ಸಲ ತೆಗೆಯಬೇಕು. ಆಮೇಲೆ ಅದೇ ಗಾಜಿನ ಪ್ಲೇಟಿನ ಮೇಲೆ, ತೊಳೆಯದೆ, ಮರವನ್ನೋ ಹೊಳೆಯನ್ನೋ ಇನ್ನೊಂದು ಸಲ ತೆಗೆಯಬೇಕು.

“ಬೆಳಕು ಬಿದ್ದ ಕಡೆ ಇನ್ನೇನೂ ನಿಲ್ಲಲ್ಲ ಮೇಷ್ಟ್ರೇ. ಕತ್ಲು ಇದ್ದ ಕಡೇನೇ ಎರಡನೇದು ಕೂತ್ಕೊಳ್ಳೋದು,” ಎಂದ.

ಮೊದಲ ಬಲಿ ನಾನು. ನನ್ನ ನೆರಳಿನೊಳಗೆ ಊರ ಕೆರೆಯನ್ನು ತುಂಬುವುದಾಗಿ ಮಾತು ಕೊಟ್ಟಿದ್ದ. ಕೆರೆಯನ್ನೇನೋ ತುಂಬಿದ, ಆದರೆ ಅವನು ಕರಿ ಬಟ್ಟೆಯೊಳಗೆ ತಲೆ ಹಾಕಿದ್ದಾಗ ಯಾರದೋ ಎಮ್ಮೆ ನೀರಿಗಿಳಿದು ನಿಂತುಬಿಟ್ಟಿದೆ. ಅಲ್ಲಾಡದೆ ನಿಂತಿದ್ದರಿಂದ ಬಹಳ ಚೆನ್ನಾಗಿ ಬಿದ್ದಿತ್ತು. ಅವನು ಆ ಫೋಟೋವನ್ನು ಅಂಗಡಿಯ ಮುಂದೆಯೇ ತೂಗು ಹಾಕಿದ. ಮಾರನೆಯ ದಿನ ಏಳನೆಯ ಕ್ಲಾಸಿಗೆ ನಾನು ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನಿಂದ “ಅಂಬಾ” ಎಂಬ ಧ್ವನಿ ಬಂತು.

ನಾನು ಬೆತ್ತ ಹಿಡಿದುಕೊಂಡೇ ನೆಟ್ಟಗೆ ಅವನ ಮನೆಗೆ ಹೋದೆ. “ಇಳಿಸ್ತೀಯೋ ಇಲ್ವೋ ಅದನ್ನ?”

ಅವನು ಆ ಕಡೆ ಈ ಕಡೆ ನೋಡಿ, ನನ್ನನ್ನು ಕತ್ತಲ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. “ಇನ್ನಾಲ್ಕು ತಿಂಗಳು ಸೈರಿಸ್ಕೊಳ್ಳಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ. ಊರೆಲ್ಲ ಇಂಗೇ ತೆಗೆಸ್ಕೊಂಡ್ಬುಟ್ರೆ, ನಮ್ ನೀಲಂದೂ ಇಂಗಿದ್ರೆ ಯಾರೂ ಯಾಕೆ ಅಂತ ಕೇಳಲ್ಲ.”

ಬೆತ್ತವನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ನೀಲಾಂಬಿಕೆ ಅವನ ಒಬ್ಬಳೇ ಮಗಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಸಿಡುಬು ಬಂದಿತ್ತು. ನಮ್ಮ ಕಡೆ ಅದನ್ನು ಸಿಡುಬು ಎನ್ನುವುದಿಲ್ಲ, ಅಮ್ಮ ಬಂದಳು ಎನ್ನುತ್ತಾರೆ. ಬಂದ ಅಮ್ಮ ಹುಡುಗಿಯನ್ನು ಉಳಿಸಿ, ಮುಖದ ತುಂಬ ತನ್ನ ಗುರುತು ಬಿಟ್ಟು ಹೋದಳು. ಈಗ ಅವಳಿಗೆ ಇಪ್ಪತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅಪ್ಪ ಅಡ್ಡಾದಿಡ್ಡಿ ಕುಯ್ದ ಗಾಜನ್ನು ಸರಿಮಾಡುತ್ತಿದ್ದವಳು ಅವಳೇ. ಮೂರು ಸಲ ಗಂಡಿನ ಕಡೆಯವರು ಬಂದಿದ್ದರು. ಮೂರು ಸಲವೂ ಉಪ್ಪಿಟ್ಟು ತಿಂದು, “ಕಾಗದ ಬರೀತೀವಿ” ಎಂದು ಹೋದರು. ಪೋಸ್ಟ್‌ಮ್ಯಾನ್ ಬೀದಿಗೆ ಬಂದರೆ ಗಂಗಾಂಬಿಕೆಯವರು ಎದ್ದು ಒಳಗೆ ಹೋಗುವ ಹಾಗಾಗಿತ್ತು.

ಆದರೆ ಪಕ್ಕಕ್ಕೆ ತಿರುಗಿ ನೆರಳಾಗಿ ಕೂತರೆ ನೀಲಾಂಬಿಕೆಯಷ್ಟು ಲಕ್ಷಣದ ಹುಡುಗಿ ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ. ಮೈಸೂರಿನವನ ಫೋಟೋದಲ್ಲಿ ರುದ್ರಯ್ಯ ಕಂಡದ್ದು ಹೊಳೆಯನ್ನೂ ಅಲ್ಲ, ಮರವನ್ನೂ ಅಲ್ಲ. ಮುಖವಿಲ್ಲದೆಯೂ ಹೆಣ್ಣು ಚೆನ್ನಾಗಿರಬಹುದು ಎಂಬುದನ್ನು.

ಎಮ್ಮೆ ಅಲ್ಲೇ ಇರಲಿ ಎಂದು ಹೇಳಿ ಮನೆಗೆ ಬಂದೆ.

ಫ್ಯಾಷನ್ ಹಬ್ಬಬೇಕಾದರೆ ದೊಡ್ಡವರಿಂದ ಹಬ್ಬಬೇಕು ಎಂಬುದು ರುದ್ರಯ್ಯನ ಸಿದ್ಧಾಂತ. ಅದೇ ಹೊತ್ತಿಗೆ ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೆ ವರ್ಗವಾಯಿತು. ಬೀಳ್ಕೊಡುಗೆಗೆ ಒಂದು ದೊಡ್ಡ ಫೋಟೋ ಎಂದು ಕಚೇರಿಯವರು ತೀರ್ಮಾನಿಸಿದರು. ಕಟ್ಟಿನ ಜೊತೆಗೆ ಫೋಟೋವನ್ನೂ ತಾನೇ ತೆಗೆದು ಪುಕ್ಕಟೆ ಕೊಡುವುದಾಗಿ ರುದ್ರಯ್ಯ ಮುಂದೆ ಬಿದ್ದ. ಪುಕ್ಕಟೆ ಎಂದ ಮೇಲೆ ಹೇಗೆ, ಏನು ಎಂದು ಯಾರು ಕೇಳುತ್ತಾರೆ?

ಕಚೇರಿಯ ಅಂಗಳದಲ್ಲಿ ಸಭೆ. ಹಾರ, ಭಾಷಣ, ಖಾರಾಸೇವೆ, ಬಾಳೆಹಣ್ಣು ಎಲ್ಲ ಆಯಿತು. ಜವಾನ ನಂಜಯ್ಯ ಫೋಟೋದ ಮೇಲಿನ ಬಟ್ಟೆ ಸರಿಸಿದ. ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಶಿರಸ್ತೇದಾರರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

“ಇದ್ಯಾರು?”

ನಂಜಯ್ಯನಿಗೆ ಉಪಕಾರ ಮಾಡುವ ಬುದ್ಧಿ ಬಂತು. “ನೀವೇ ಸಾ. ಮೂಗ್ ನೋಡಿ, ನಿಮ್ದೇಯ.”

“ಇಪ್ಪತ್ತೆಂಟು ವರ್ಷ ಸರ್ವೀಸು!” ಶಿರಸ್ತೇದಾರರು ರುದ್ರಯ್ಯನ ಕಡೆ ತಿರುಗಿದರು. “ಒಬ್ಬನ ಕೈಲಿ ಒಂದು ಮಾತು ಅನ್ನಿಸ್ಕೊಂಡಿಲ್ಲ. ಹೋಗೋ ದಿವಸ ನಾಲ್ಕು ಜನದ ಎದುರಿಗೆ ಮುಖಕ್ಕೆ ಮಸಿ ಬಳೀತೀಯೇನಯ್ಯಾ?”

“ಮಸಿ ಅಲ್ಲ ಸಾ, ಮಸಿ ಅಲ್ಲ! ನೆರಳು!” ರುದ್ರಯ್ಯ ಕೈಮುಗಿದುಕೊಂಡು ಓಡಿದ. “ಒಳಗೆ ನೋಡಿ ಸಾ, ನಿಮ್ಮ ಆಫೀಸನ್ನೇ ಇಟ್ಟಿದೀನಿ.”

ಶಿರಸ್ತೇದಾರರು ಬಗ್ಗಿ ತಮ್ಮ ತಲೆಯೊಳಗೆ ನೋಡಿದರು. ಸಾಲಾಗಿ ಮೇಜುಗಳು, ಸಾಲಾಗಿ ಕುರ್ಚಿಗಳು. ಒಂದರಲ್ಲೂ ಜನವಿಲ್ಲ.

“ಆಫೀಸ್ನಲ್ಲಿ ಯಾರೂ ಇಲ್ವಲ್ಲ?”

“ನಾನು ತೆಗೆದಾಗ ಇದ್ದಿದ್ದೇ ಇಷ್ಟು ಸಾ,” ಎಂದ ರುದ್ರಯ್ಯ.

ಅವನು ಹೇಳಿದ್ದು ನಿಜ. ಊಟದ ಹೊತ್ತಿನಲ್ಲಿ ತೆಗೆದಿದ್ದ. ಆದರೆ ಕಚೇರಿಯಲ್ಲಿ ಹೇಳಬಾರದ ನಿಜಗಳ ಪಟ್ಟಿಯಲ್ಲಿ ಅದು ಮೊದಲನೆಯದು. ಒಬ್ಬ ಶಿರಸ್ತೇದಾರರ ಕೋಪ ಇಡೀ ಕಚೇರಿಯ ಕೋಪವಾಯಿತು. ಮಸಿಯ ಸುದ್ದಿ ಸಂತೆಯ ಹೊತ್ತಿಗೆ ಸುತ್ತಲ ಹಳ್ಳಿಗಳನ್ನು ಮುಟ್ಟಿತು. ಹಬ್ಬುವ ಮೊದಲೇ ಫ್ಯಾಷನ್ ಸತ್ತಿತು. ದೇವರಿಗೆ ಕಟ್ಟು ಹಾಕಿಸಲು ಬಂದವರೂ, “ಶಿವಪ್ಪನ ಮೊಖಕ್ಕೇನೂ ಮಾಡ್ಬೇಡ ಕಣಯ್ಯ” ಎಂದು ಹೇಳಿ ಕೊಡತೊಡಗಿದರು.

ನಾನು ಬಿಟ್ಟುಬಿಡು ಎಂದೆ. ಗಂಗಾಂಬಿಕೆಯವರು ಸೌದೆ ಸುಟ್ಟ ಹಾಗೆ ಕ್ಯಾಮೆರಾವನ್ನೂ ಸುಡುತ್ತೇನೆ ಎಂದರು. ಅವನು ಇಬ್ಬರಿಗೂ, “ನೀಲಂದೊಂದು ಆಗೋಗ್ಲಿ” ಎಂದ.

ನೀಲಾಂಬಿಕೆ ಕೂತದ್ದು ಒಂದು ಭಾನುವಾರ ಬೆಳಗ್ಗೆ. ಬಿಳಿ ಪಂಚೆಯ ಮುಂದೆ ಸ್ಟೂಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂತಳು. ಒಂದು ಸಲ ಏನೋ ಕೇಳಲು ಅಪ್ಪನ ಕಡೆ ತಿರುಗಿದಳು.

“ತಿರುಗ್ಬೇಡ! ತಿರುಗ್ಬೇಡ ಕಣವ್ವ, ಕೆಟ್ಟೋಯ್ತದೆ!” ಎಂದು ರುದ್ರಯ್ಯ ಬಟ್ಟೆಯೊಳಗಿನಿಂದಲೇ ಕೂಗಿದ.

ಅವಳು ಮತ್ತೆ ತಿರುಗಿಕೊಂಡಳು. ಪ್ಲೇಟು ಕೆಡಲಿಲ್ಲ.

ಒಳಗೆ ತುಂಬಲು ಏನು? ಹೊಳೆಯೆಂದರೆ ಹೊಳೆನರಸೀಪುರಕ್ಕೆ ಹೋಗಬೇಕು. ದುದ್ದದ ಕೆಂಪಣ್ಣನ ತೆಂಗಿನ ತೋಟ ಬಹಳ ಅಂದ ಎಂದು ಯಾರೋ ಹೇಳಿದರು. ನಾನೂ ಜೊತೆಗೆ ಹೋದೆ. ಮೂರು ಕಾಲಿನ ಪೆಟ್ಟಿಗೆಯನ್ನು ತೋಟದ ಮುಂದೆ ನಿಲ್ಲಿಸಿದ್ದೇ ತಡ, ಕೆಂಪಣ್ಣ ಓಡಿ ಬಂದ. ಸರ್ವೆಯವರು, ರಸ್ತೆಗೆ ಅಳೆಯಲು ಬಂದಿದ್ದಾರೆ ಎಂದು ಅವನ ಲೆಕ್ಕ. ನಾವು ಬಾಯಿ ಬಿಡುವ ಮೊದಲೇ ಎಳನೀರು ಕೊಚ್ಚಿ ಕೈಗೆ ಕೊಟ್ಟ.

“ನೂರಿಪ್ಪತ್ ಮರ ಸಾ, ಒಂದೊಂದೂ ಮಗ ಸಾಕ್ದಂಗ್ ಸಾಕಿವ್ನಿ. ರಸ್ತೇನ ವಸಿ ಆ ಕಡೀಕ್ ತಿರುಗ್ಸಿ ಸಾ,” ಎಂದ.

ತಿರುಗಿಸುತ್ತೇವೆ ಎಂದು ರುದ್ರಯ್ಯ ಅಭಯ ಕೊಟ್ಟ. ಎಳನೀರು ಕುಡಿದ ಋಣಕ್ಕೆ ನಾನೂ ತಲೆಯಾಡಿಸಿದೆ. ದುದ್ದದ ರಸ್ತೆ ಕೆಂಪಣ್ಣನ ತೋಟಕ್ಕೆ ಬರದೆ ಉಳಿದದ್ದು ನಮ್ಮಿಂದಲೇ ಎಂದು ಅವನು ಇವತ್ತಿಗೂ ನಂಬಿರಬಹುದು.

ಫೋಟೋ ಬಂತು. ನಾನು ಹಾಸ್ಯದ ಮನುಷ್ಯ, ಯಾವುದನ್ನೂ ಸುಮ್ಮನೆ ಹೊಗಳುವವನಲ್ಲ. ಆದರೂ ಹೇಳುತ್ತೇನೆ, ಅದು ಮೈಸೂರಿನವನದಕ್ಕಿಂತ ಚೆನ್ನಾಗಿತ್ತು. ಹುಡುಗಿಯ ಕತ್ತಿನಿಂದ ಎದ್ದ ಮರಗಳು ಹಣೆಯ ಹತ್ತಿರ ಗರಿ ಬಿಚ್ಚಿದ್ದವು. ರುದ್ರಯ್ಯ ಅದಕ್ಕೆ ತನ್ನ ಕೈಯಾರೆ ಕಟ್ಟು ಹಾಕಿ ನನ್ನ ಕೈಗೆ ಕೊಟ್ಟ. “ಅಮ್ಮನ ಕಲೆ ವಿಚಾರ ನೀವಾಗಿ ಎತ್ಬೇಡಿ ಮೇಷ್ಟ್ರೇ. ಮೊದ್ಲು ಫೋಟೋ ಒಪ್ಲಿ. ಮನೆಗೆ ಬಂದಾಗ ನೋಡೇ ನೋಡ್ತಾರೆ.”

ನಾನು ಹಿಂದೆ ಅರಕಲಗೂಡಿನಲ್ಲಿ ಮೇಷ್ಟ್ರಾಗಿದ್ದೆ. ಅಲ್ಲಿ ಗುರುಸಿದ್ದಮ್ಮ ಎಂಬುವರ ಮನೆ ನನಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ಬಟ್ಟೆ ಅಂಗಡಿ ನಡೆಸಿ ಮಗ ಗೌರೀಶಂಕರನನ್ನು ಓದಿಸಿದ ಗಟ್ಟಿಗಿತ್ತಿ. ಗೌರೀಶಂಕರ ನನ್ನ ಶಿಷ್ಯ. ಲೆಕ್ಕದಲ್ಲಿ ಹಿಂದೆ, ಸ್ವಭಾವದಲ್ಲಿ ಸಾಧು. ಒಳ್ಳೆಯ ಸಂಬಂಧ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ತೊಡೆಯ ಮೇಲೆ ಫೋಟೋ ಇಟ್ಟುಕೊಂಡು ಹೋದೆ.

ಗುರುಸಿದ್ದಮ್ಮನವರು ಕಾಫಿ ಕೊಟ್ಟು, ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದರು.

“ಮೊಖ ಯಾಕೆ ಮೇಷ್ಟ್ರೇ ಕಪ್ಪಗೆ?”

“ಈಗಿನ ಫ್ಯಾಷನ್ನು ತಾಯಿ. ನಮ್ಮೂರಲ್ಲಿ ಶಿರಸ್ತೇದಾರ್ರೂ ಹಿಂಗೇ ತೆಗೆಸ್ಕೊಂಡಿದಾರೆ.” ಇದು ಸುಳ್ಳಲ್ಲವಷ್ಟೆ.

“ಮೂಗು ಮಟ್ಟಸವಾಗೈತೆ. ಇದೇನಿದು ಒಳಗೆ, ತ್ವಾಟವಾ?”

“ತೆಂಗಿನ ತೋಟ. ದುದ್ದದ ಹತ್ರ.”

“ಎಷ್ಟು ಮರ ಅವೆ?”

ಇಷ್ಟು ಸೂಕ್ಷ್ಮವಾಗಿ ಕಲೆಯನ್ನು ನೋಡುವವರು ಅರಕಲಗೂಡಿನಲ್ಲಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು. ಉತ್ತರ ಗೊತ್ತಿದ್ದದ್ದರಿಂದ ಇನ್ನೂ ಹೆಮ್ಮೆಯಾಯಿತು. “ನೂರಿಪ್ಪತ್ತು,” ಎಂದೆ.

ಗುರುಸಿದ್ದಮ್ಮನವರು ಫೋಟೋವನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದರು. “ತ್ವಾಟ ಹುಡುಗೀ ಜೊತೇಗೇನಾ?”

“ಜೊತೆಗೇ ತಾಯಿ. ಮೊದ್ಲು ಹುಡುಗಿ, ಆಮೇಲೆ ತೋಟ. ಎರಡೂ ಒಂದರ ಮೇಲೊಂದು ಕೂತ್ಬಿಟ್ಟಿವೆ. ಇನ್ನು ಬೇರೆ ಮಾಡೋದು ಬ್ರಹ್ಮನ ಕೈಲೂ ಆಗಲ್ಲ.”

“ಅವರಪ್ಪ ಮನಸಾರೆ ಮಾಡಿರೋದಾ?”

“ಮನಸಾರೆ ಅಂದ್ರೆ! ಮೂರು ತಿಂಗಳಿಂದ ಅನ್ನ ನೀರು ಬಿಟ್ಟು ಇದಕ್ಕೇ ಒದ್ದಾಡಿದಾನೆ. ಇರೋಳು ಒಬ್ಬಳೇ ಮಗಳು ನೋಡಿ.”

“ಒಬ್ಬಳೇನಾ?” ಎಂದು ಅವರು ಇನ್ನೊಂದು ಲೋಟ ಕಾಫಿ ತರಿಸಿದರು. ಸಿಡುಬಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಾಫಿಯ ಜೊತೆ ನುಂಗಿಬಿಟ್ಟೆ. ನುಂಗಬಾರದಿತ್ತು. ಮುಂದಿನ ಸೋಮವಾರ ಬರುತ್ತೇವೆ ಎಂದರು.

ಸೋಮವಾರ ಬಂದರು. ಗುರುಸಿದ್ದಮ್ಮ, ಗೌರೀಶಂಕರ, ಜೊತೆಗೆ ಕಟ್ಟಾಯದಲ್ಲಿ ಬೇಸಾಯ ಮಾಡಿಕೊಂಡಿದ್ದ ಹುಡುಗನ ಸೋದರಮಾವ ಲಕ್ಕಯ್ಯ. ಹೆಣ್ಣು ನೋಡಲು ಬಂದ ಲಕ್ಕಯ್ಯನ ಹೆಗಲ ಮೇಲೆ ಒಂದು ಸುತ್ತು ಹಗ್ಗ ಯಾಕಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ನಡುಮನೆಯ ಸೌದೆ ಹಿತ್ತಿಲಿಗೆ ಹೋಗಿತ್ತು. ಕೇಸರಿಬಾತು, ಉಪ್ಪಿಟ್ಟು ಸಿದ್ಧವಾಗಿದ್ದವು. ರುದ್ರಯ್ಯ ಮಾತ್ರ ಎದ್ದೆದ್ದು ಕಿಟಕಿ ಹಾಕುತ್ತಿದ್ದ. ಒಂದು ಕಿಟಕಿ ಬಿಸಿಲೆಂದು, ಇನ್ನೊಂದು ಧೂಳೆಂದು, ಮೂರನೆಯದು ಯಾವ ಕಾರಣವೂ ಇಲ್ಲದೆ. ಲಕ್ಕಯ್ಯ ತಟ್ಟೆ ಎಂದುಕೊಂಡು ತನ್ನ ಮೊಣಕಾಲ ಮೇಲೆ ಕೈಯಿಟ್ಟ.

“ಉಪ್ಪಿಟ್ ಬಾಯಿಗ್ ಓಯ್ತಾ ಐತೋ ಮೂಗಿಗ್ ಓಯ್ತಾ ಐತೋ ಗೊತ್ತಾಯ್ತಿಲ್ಲ, ಕಿಟ್ಕಿ ತೆಗೀರಪ್ಪೋ!” ಎಂದ.

ಗುರುಸಿದ್ದಮ್ಮನವರು ತಾವೇ ಎದ್ದು ಕಿಟಕಿ ತೆಗೆದರು. ಅದೇ ಹೊತ್ತಿಗೆ ನೀಲಾಂಬಿಕೆ ಕಾಫಿ ಹಿಡಿದು ಬಂದಳು. ಇದ್ದಬದ್ದ ಬಿಸಿಲೆಲ್ಲ ಅವಳ ಮುಖಕ್ಕೆ ಬಿತ್ತು.

ನಾನು ನೆಲ ನೋಡಿದೆ. ರುದ್ರಯ್ಯ ಗೋಡೆ ನೋಡಿದ.

“ಅಮ್ಮ ಬಂದಿದ್ಲಾ ತಾಯಿ?” ಎಂದು ಕೇಳಿದರು ಗುರುಸಿದ್ದಮ್ಮ.

“ಹೂಂ. ಹದಿನಾಲ್ಕನೇ ವರ್ಷದಲ್ಲಿ,” ಎಂದಳು ನೀಲಾಂಬಿಕೆ. ಲೋಟವನ್ನು ಅವರ ಕೈಗೇ ಕೊಟ್ಟಳು.

“ನನ್ನ ತಂಗಿಗೂ ಬಂದಿದ್ಲು. ಅವಳು ಉಳೀಲಿಲ್ಲ. ನೀನು ಉಳ್ಕೊಂಡೆಯಲ್ಲ, ಅದು ದೊಡ್ಡದು.” ಗುರುಸಿದ್ದಮ್ಮನವರು ಹುಡುಗಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಕಲೆ ಏನ್ ಮಾಡ್ತದೆ ಬಿಡಿ. ಮನೆ ನಡೆಸೋದು ಮೊಖ ಅಲ್ಲ. ನಮಗೆ ಒಪ್ಪಿಗೆ. ಏನ್ ಮಗಾ?”

ಗೌರೀಶಂಕರ ನಾಚಿಕೊಂಡು ತಲೆಯಾಡಿಸಿದ.

ಆಮೇಲಿನ ಹತ್ತು ನಿಮಿಷ ಆ ಮನೆಯಲ್ಲಿ ಇದ್ದ ಸಂತೋಷವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಗಂಗಾಂಬಿಕೆಯವರು ತಿಂದವರಿಗೇ ಮತ್ತೆ ಬಡಿಸಿದರು. ರುದ್ರಯ್ಯ ಶಲ್ಯದಲ್ಲಿ ಕಣ್ಣೊರೆಸಿಕೊಂಡು, ಒರೆಸಿದ ಶಲ್ಯದಲ್ಲೇ ಲಕ್ಕಯ್ಯನಿಗೆ ಗಾಳಿ ಬೀಸಿದ. ನೀಲಾಂಬಿಕೆ ತಲೆಯೆತ್ತಿ ನಕ್ಕಳು. ಆರು ವರ್ಷದಿಂದ ಪಕ್ಕದ ಮನೆಯಲ್ಲಿದ್ದ ನಾನು ಆ ನಗು ನೋಡಿರಲಿಲ್ಲ.

“ಇನ್ನೊಂದ್ ಲೋಟ ಕಾಫಿ ಕೊಡ್ಲಾ ಅತ್ತೆ?” ಎಂದು ಕೇಳಿದಳು.

“ಕೊಡು ತಾಯಿ,” ಎಂದರು ಗುರುಸಿದ್ದಮ್ಮ.

ಲಕ್ಕಯ್ಯ ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡು ಎದ್ದ. “ಸರಿ ಬುಡಿ, ಇಲ್ಲೀದು ಮುಗೀತು. ಬಿಸ್ಲು ಏರಾಕ್ ಮುಂಚೆ ತ್ವಾಟ ಅಳ್ಕಂಡ್ ಬಂದ್ಬುಡಾಣ. ಎಲ್ಲೈತೆ?”

ರುದ್ರಯ್ಯ ನಗುತ್ತಲೇ ಕೇಳಿದ. “ಯಾವ ತೋಟ?”

“ಅಯ್ಯ, ಯಾವ್ದು ಅಂದ್ರೆ? ಈ ತ್ವಾಟ.” ಲಕ್ಕಯ್ಯ ಚೀಲದಿಂದ ಫೋಟೋ ತೆಗೆದು ಅದರೊಳಗಿನ ನೆರಳಿನ ಕಿವಿಯ ಹತ್ತಿರ ಬೆರಳಿಟ್ಟ. “ಇದ್ರಾಗೆ ಏಳೇ ಮರ ಕಾಣ್ತವೆ. ಮಿಕ್ಕಿದ್ ನೂರಾ ಅದ್ಮೂರು ಎಲ್ಲವೆ ಅಂತ ನಾನೂ ದಾರೀನುದ್ದಕ್ಕೂ ತಲೆ ಕೆಡಿಸ್ಕಂಡಿವ್ನಿ.”

ನಗು ಎಲ್ಲರ ಮುಖದಲ್ಲೂ ಒಂದೇ ಸಲ ಹೋಗಲಿಲ್ಲ; ರುದ್ರಯ್ಯನ ಮುಖದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಉಳಿಯಿತು. “ಅದು ಕೆಂಪಣ್ಣಂದು,” ಎಂದ. “ನಮ್ದಲ್ಲ. ಸುಮ್ನೆ ಚೆಂದಕ್ಕೆ.”

“ಚೆಂದಕ್ಕಾ?” ಎಂದ ಲಕ್ಕಯ್ಯ. ಅವನ ಜೀವಮಾನದಲ್ಲಿ ಯಾರೂ ಇನ್ನೊಬ್ಬರ ತೋಟವನ್ನು ಚೆಂದಕ್ಕೆ ತಂದು ಮಗಳ ತಲೆಯೊಳಗೆ ಇಟ್ಟಿರಲಿಲ್ಲ.

ಗುರುಸಿದ್ದಮ್ಮನವರು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಬೇರೆ ಮಾಡೋದು ಬ್ರಹ್ಮನ ಕೈಲೂ ಆಗಲ್ಲ ಅಂದ್ರಲ್ಲ?”

ನಾನು ಪ್ಲೇಟು, ಪಂಚೆ, ಬೆಳಕು, ಕತ್ತಲು ಎಂದು ಏನೇನೋ ಹೇಳಿದೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿ. ನಾನು ಹೇಳಿದ್ದು ನನಗೇ ಅರ್ಥವಾಗಲಿಲ್ಲ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಇನ್ನೊಂದು ಸಲ ನೋಡಿದರು. ಹತ್ತು ನಿಮಿಷದ ಹಿಂದೆ ಏನೂ ಮಾಡದಿದ್ದ ಕಲೆಗಳನ್ನು ಈ ಸಲ ಒಂದೊಂದಾಗಿ ನೋಡಿದರು. ಹಾಗೆ ನೋಡುತ್ತಿರುವುದು ತಮಗೇ ತಿಳಿದು, ನಾಚಿಕೆಯಾಗಿ, ಮುಖ ಬೇರೆ ಕಡೆ ತಿರುಗಿಸಿದರು.

“ಬಟ್ಟೆ ಅಂಗಡಿ ಈಗ ಮೊದ್ಲಿನಂಗೆ ನಡೀತಿಲ್ಲ ತಾಯಿ,” ಎಂದು ಗಂಗಾಂಬಿಕೆಯವರಿಗೆ ಮೆಲ್ಲಗೆ ಹೇಳಿದರು. “ಯೋಚ್ನೆ ಮಾಡಿ ಕಾಗದ ಬರೀತೀವಿ.”

ಬಾಗಿಲವರೆಗೆ ಹೋದ ಗೌರೀಶಂಕರ ಫೋಟೋ ಹಿಡಿದುಕೊಂಡು ನಿಂತ. ಕೊಟ್ಟು ಹೋಗಬೇಕೋ ತೆಗೆದುಕೊಂಡು ಹೋಗಬೇಕೋ ಅವನಿಗೆ ತಿಳಿಯಲಿಲ್ಲ. “ಸಾ, ಇದನ್ನ ನಾನು ಇಟ್ಕೋಬೋದಾ? ಬಾಳ ಚೆನ್ನಾಗಿದೆ,” ಎಂದು ನನ್ನನ್ನು ಕೇಳಿದ.

ಉತ್ತರ ಕೊಟ್ಟವಳು ನೀಲಾಂಬಿಕೆ. “ಇಟ್ಕೊಳ್ಲಿ ಬಿಡಿ ಮೇಷ್ಟ್ರೇ. ಅದರಲ್ಲಿ ನಾನೆಲ್ಲಿದೀನಿ?”

ಅವರು ಹನ್ನೆರಡರ ಬಸ್ಸಿಗೆ ಹೋದರು. ಗಂಗಾಂಬಿಕೆಯವರು ಹಿತ್ತಿಲಲ್ಲಿ ಲೋಟ ಉಜ್ಜುತ್ತಿದ್ದರು. ಉಜ್ಜುವ ಸದ್ದು ನಿಲ್ಲಲೇ ಇಲ್ಲ. ನಾನು ಎದ್ದು ಹೋಗಲು ಮುಖವಿಲ್ಲದೆ ಕೂತಿದ್ದೆ. ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ರುದ್ರಯ್ಯ ಕೇಳಿಸಿಕೊಳ್ಳಲಿಲ್ಲ. ಅವನ ತಲೆ ಆಗಲೇ ಬೇರೆ ಲೆಕ್ಕದಲ್ಲಿತ್ತು.

“ತಪ್ಪು ನಂದೇ ಮೇಷ್ಟ್ರೇ. ಆ ಮೈಸೂರಿನೋನು ಹೊಳೆ ಹಾಕಿದ್ದ. ನಾನು ಸುಮ್ನೆ ಅವನಂಗೇ ಹೊಳೆ ಹಾಕಿದ್ರೆ ಆಗಿರೋದು. ಹೊಳೆ ನಿಮ್ದಾ ಅಂತ ಯಾರೂ ಕೇಳಲ್ಲ.” ಅವನು ಎದ್ದು ಹಿತ್ತಿಲ ಬಾಗಿಲಿಗೆ ಪಂಚೆ ಕಟ್ಟತೊಡಗಿದ. “ನಾಳೀಕೇ ಹೊಳೆನರಸೀಪುರಕ್ಕೆ ಓಗಿ ಹೇಮಾವತೀನ ತೆಗೀತೀನಿ. ಬಾ ನೀಲ, ಕೂತ್ಕೋ. ಬಿಸ್ಲು ಚೆನ್ನಾಗೈತೆ. ಪಕ್ಕಕ್ ತಿರುಗು.”

ನೀಲಾಂಬಿಕೆ ಬಂದಳು. ಸ್ಟೂಲನ್ನು ಪಂಚೆಯ ಮುಂದಿನಿಂದ ಎತ್ತಿ, ಗುರುಸಿದ್ದಮ್ಮ ತೆಗೆದು ಹೋಗಿದ್ದ ಕಿಟಕಿ ಎದುರಿಗೆ ಬೀಳುವಂತೆ ಹಾಕಿದಳು. ಕ್ಯಾಮೆರಾವನ್ನೂ ಅವಳೇ ಎತ್ತಿ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು.

“ಏನವ್ವ ಇದು? ಬೆಳಕೆಲ್ಲ ಮೊಖದ್ ಮೇಲೇ ಬೀಳ್ತದೆ,” ಎಂದ ರುದ್ರಯ್ಯ.

“ಬೀಳ್ಲಿ.”

“ನೆರಳು ಬರಲ್ಲ ಕಣವ್ವ.”

“ಬರೋದ್ ಬ್ಯಾಡ. ಅವರು ತೋಟ ನೋಡೋಕ್ ಬಂದ್ರು. ನೀನು ನೆರಳು ನೋಡ್ದೆ. ನಂದೂ ಒಂದು ಫೋಟೋ ತೆಗಿ ಅಪ್ಪ. ಯಾರಿಗೂ ಕಳಿಸೋದ್ ಬ್ಯಾಡ.”

ರುದ್ರಯ್ಯ ನನ್ನ ಮುಖ ನೋಡಿದ. ಅವನು ಕರಿ ಬಟ್ಟೆಯೊಳಗೆ ತಲೆ ಹಾಕಿದ. ಆ ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ತಲೆಕೆಳಗಾದರೂ ಮುಖ ಮುಖವೇ. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಹತ್ತಾಯಿತು, ಇಪ್ಪತ್ತಾಯಿತು, ಐವತ್ತಾಯಿತು. ಬಟ್ಟೆ ಒಂದೇ ಸಮನೆ ಅಲುಗುತ್ತಿತ್ತು. ಪ್ಲೇಟು ಮೇಜಿನ ಮೇಲೆ ಇಟ್ಟಲ್ಲೇ ಇತ್ತು.

“ಆಯ್ತೇನಪ್ಪ?”

“ಇಲ್ಲ ಕಣವ್ವ.” ಬಟ್ಟೆಯೊಳಗಿನಿಂದ ಬಂದದ್ದು ರುದ್ರಯ್ಯನ ಎಂದಿನ ದನಿಯಾಗಿರಲಿಲ್ಲ. “ಆರ್ ವರ್ಷ ಆಯ್ತು ನೀಲ. ನಾನು ನಿನ್ ಮೊಖ ನೋಡೇ ಇಲ್ಲ.”

ಹಿತ್ತಿಲಲ್ಲಿ ಲೋಟ ಉಜ್ಜುವ ಸದ್ದು ನಿಂತಿತು. ನೀಲಾಂಬಿಕೆ ಕಿಟಕಿಯ ಬೆಳಕಿಗೆ ನೆಟ್ಟಗೆ ಮುಖ ಕೊಟ್ಟು ಕೂತಿದ್ದಳು.

“ನೋಡಪ್ಪ,” ಎಂದಳು. “ನಾನು ಅಲ್ಲಾಡಲ್ಲ.”